ಓಕುಳಿಯ ದಿನ ಮಾಳಿಗೆಯಿಂದ ಕರೆದದ್ದು

ಮಧ್ಯಾಹ್ನ ಉಂಡು ಒಂದು ಗಳಿಗೆ ಅಡ್ಡಾದರೆ ಈಗಲೂ ನನಗೆ ಕಂಬಿಯ ಸದ್ದು ಕೇಳುತ್ತದೆ. ಕಂಬಿ ಎಂದರೆ ರೈಲು ಹಳಿಯ ಒಂದು ತುಂಡು. ಗಜೇಂದ್ರಗಡದಲ್ಲಿ ನನ್ನ ಗಂಡನ ಮನೆಯ ಮಾಳಿಗೆಯ ಮೇಲೆ ಎರಡು ಕಂಬ ನೆಟ್ಟು, ಅಡ್ಡ ತೊಲೆಗೆ ಸರಪಳಿ ಹಾಕಿ ಅದನ್ನು ತೂಗುಬಿಟ್ಟಿದ್ದರು. ಸುತ್ತಿಗೆಯಿಂದ ಒಂದು ಏಟು ಕೊಟ್ಟರೆ ಸದ್ದು ಗುಡ್ಡದ ಮೇಲಿನ ಕೋಟೆಯ ತನಕ ಹೋಗಿ, ಅಲ್ಲಿ ತುಸು ಹೊತ್ತು ಕೂತು, ದಣಿವಾರಿಸಿಕೊಂಡು ತಿರುಗಿ ಬರುತ್ತಿತ್ತು. ಅರೆನಿದ್ದೆಯಲ್ಲಿ ನನಗೆ ಕೇಳುವುದು ಆ ತಿರುಗಿ ಬರುವ ಸದ್ದೇ. ಧಡಕ್ಕನೆ ಎದ್ದು ಕೂತು ಸೆರಗು ಹುಡುಕುತ್ತೇನೆ. "ಒಳಗ ಯಾರದಾರ?" ಎಂಬ ಮಾತು ತುಟಿಯ ತನಕ ಬಂದಿರುತ್ತದೆ. ನೋಡಿದರೆ ಗೋಡೆಯ ಮೇಲೆ ಬಿಸಿಲು, ಕಿಟಕಿಯಲ್ಲಿ ಗುಬ್ಬಿ. ಮೊಮ್ಮಕ್ಕಳು ನಗುತ್ತವೆ. ನಗಲಿ, ಹಾಳಾದವು.

ನಾನು ಹೇಳುತ್ತಿರುವುದು ಐವತ್ತರ ದಶಕದ ಮಾತು. ಆಗ ನಮ್ಮ ಊರಿಗೆ ಬೆಂಕಿ ಆರಿಸುವ ಮೋಟಾರು ಬೇಕೆಂದರೆ ದೂರದ ದೊಡ್ಡ ಊರಿನಿಂದಲೇ ಬರಬೇಕು. ಅದು ಬರುವಷ್ಟರಲ್ಲಿ ಬೂದಿ ತಣ್ಣಗಾಗಿ, ಆ ಬೂದಿಯಿಂದ ಹೆಂಗಸರು ಪಾತ್ರೆ ತಿಕ್ಕಿ ಮುಗಿಸಿರುತ್ತಿದ್ದರು. ಹಾಗಾಗಿ ಊರಿನ ಬೆಂಕಿಯನ್ನು ಊರಿನವರೇ ನೋಡಿಕೊಳ್ಳಬೇಕಿತ್ತು. ನೋಡಿಕೊಳ್ಳುತ್ತಿದ್ದವರು ನಮ್ಮ ಓಣಿಯ ಗರಡಿಮನೆಯ ಗಂಡಸರು. ಹಗಲೆಲ್ಲ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುವುದು, ಸಂಜೆ ಗರಡಿಯಲ್ಲಿ ಕುಸ್ತಿ ಹಿಡಿಯುವುದು, ನಡುವೆ ಎಲ್ಲಾದರೂ ಬೆಂಕಿ ಬಿದ್ದರೆ ಇದ್ದ ಬಟ್ಟೆಯಲ್ಲೇ ಓಡುವುದು. ಸಂಬಳವಿಲ್ಲ, ಸನ್ಮಾನವಿಲ್ಲ. ಊರಿನವರು ಅವರನ್ನು ಬೆಂಕಿ ಮಂದಿ ಎನ್ನುತ್ತಿದ್ದರು.

ಬೆಂಕಿ ಮಂದಿಗೆ ಹಿರಿಯರು ನಮ್ಮ ಮಾವ. ಗರಡಿಯಲ್ಲಿ ಕುಸ್ತಿ ಕಲಿಸುವ ವಸ್ತಾದರೂ ಅವರೇ. ಕಿವಿ ಕುಸ್ತಿಯಲ್ಲಿ ಮುರುಟಿ ಹೋಗಿತ್ತು, ಮಾತು ಕಡಿಮೆ. ಹುಡುಗರಿಗೆ ಅವರು ಕಲಿಸಿದ್ದು ಒಂದೇ ಪಾಠ. "ಬೆಂಕಿ ಬಾಗಲದಾಗ ನಿಂತಿರ್ತೈತಿ. ಅದರ ಕೂಡ ಅಲ್ಲಿ ಕುಸ್ತಿ ಹಿಡೀಬ್ಯಾಡ್ರಿ. ಮಾಳಿಗಿ ಮ್ಯಾಲಿಂದ ಇಳೀರಿ." ನಮ್ಮ ಕಡೆಯ ಮನೆಗಳಿಗೆಲ್ಲ ಮಣ್ಣಿನ ಚಪ್ಪಟೆ ಮಾಳಿಗೆ, ಒಳಕೋಣೆಗೆ ಬೆಳಕು ಬೀಳಲೆಂದು ಮಾಳಿಗೆಯಲ್ಲಿ ಒಂದು ಬೆಳಕಿಂಡಿ. ಇವರು ನಿಚ್ಚಣಿಕೆ ಹಚ್ಚಿ ಹತ್ತಿ, ಆ ಕಿಂಡಿಯ ಸುತ್ತ ಹಾರೆಯಿಂದ ಮಣ್ಣು ಕೆದರಿ, ಕಟ್ಟಿಗೆ ಕಿತ್ತು, ಹಗ್ಗ ಕಟ್ಟಿಕೊಂಡು ಒಳಗಿಳಿಯುತ್ತಿದ್ದರು. ಇಳಿಯುವವರು ಹೆಚ್ಚಾಗಿ ನಮ್ಮ ಮನೆಯವರೇ, ಅಂದರೆ ನನ್ನ ಗಂಡ. ಮೈ ತೆಳ್ಳಗಿತ್ತಲ್ಲ, ಕಿಂಡಿಯಲ್ಲಿ ಹಿಡಿಸುತ್ತಿತ್ತು.

ನೀರಿನ ಬಂಡಿ ಪಿಂಜಾರ ಕಾಕಾನದು. ಹತ್ತಿ ಹಿಂಜಿ ಗಾದಿ ಹೊಲಿಯುವ ಮುದುಕ, ಎರಡು ದೊಡ್ಡ ಪೀಪಾಯಿ ಹೇರಿದ ಚಕ್ಕಡಿಯನ್ನು ಸದಾ ತುಂಬಿ ನಿಲ್ಲಿಸಿರುತ್ತಿದ್ದ. ಹತ್ತಿಯ ನಡುವೆಯೇ ಬಾಳಿದವನಿಗೆ ಬೆಂಕಿಯೆಂದರೆ ಹಳೆಯ ವೈರಿ. "ಹತ್ತ್ಯಾಗ ಬಿದ್ದ ಬೆಂಕಿ ಅವಸರ ಮಾಡೂದಿಲ್ಲವಾ," ಎನ್ನುತ್ತಿದ್ದ ನನಗೆ. "ಒಳಗೊಳಗ ಉಣಕೋತ ಕುಂದರ್ತೈತಿ. ಹೊಟ್ಟಿ ತುಂಬಿದ ಮ್ಯಾಲ ಎದ್ದು ನಿಂದರ್ತೈತಿ."

ಇನ್ನು ನನ್ನ ಪಾಲಿನ ಕೆಲಸ. ನಾನು ಹೊಳೆಮಣ್ಣೂರಿನ ಹೆಣ್ಣು, ಮಲಪ್ರಭೆಯ ದಂಡೆಯವಳು. ನಮ್ಮಲ್ಲಿ ಆಪತ್ತು ಎಂದರೆ ನೀರು. ಹೊಳೆ ಬಂತೆಂದರೆ ಮನೆ ಹೋಯಿತೋ ಮೇವು ಹೋಯಿತೋ ಎಂದು ಯಾರೂ ಕೇಳುತ್ತಿರಲಿಲ್ಲ, ಒಳಗೆ ಯಾರಿದ್ದಾರೆ ಎಂದು ಮೊದಲು ಕೇಳುತ್ತಿದ್ದರು. ಮದುವೆಯಾಗಿ ಬಂದ ಹೊಸದರಲ್ಲಿ ಒಂದು ದಿನ ಪೇಟೆಯಿಂದ ಒಬ್ಬ ಏದುಸಿರು ಬಿಡುತ್ತ ಬಂದು ಬಾಗಿಲಲ್ಲಿ ನಿಂತ. ಮಗ್ಗದ ಖಟಖಟದಲ್ಲಿ ಗಂಡಸರಿಗೆ ಏನೂ ಕೇಳಿಸಿರಲಿಲ್ಲ. ಆತ ಅಂಗಡಿ, ಅರಿವೆ, ದೀಪ ಎಂದು ತೊದಲುತ್ತಿದ್ದ. ನಾನು ಹೊಸ ಸೊಸೆ ಎಂಬುದನ್ನು ಮರೆತು ಗದರಿದೆ. "ಏಯ್, ಒಳಗ ಯಾರದಾರ ಹೇಳ್ರಿ ಮೊದಲ!" ಆತ ಗಕ್ಕನೆ ನಿಂತು, "ನಮ್ಮಪ್ಪ ಅದಾನವಾ," ಎಂದ. ಅಂದು ಅವರಪ್ಪನನ್ನು ಕಿಂಡಿಯಿಂದ ಎತ್ತಿ ತಂದರು. ಸಂಜೆ ಮಾವ ಕೈಕಾಲು ತೊಳೆಯುತ್ತ ಅತ್ತೆಗೆ ಹೇಳಿದರು, "ಇನ್ನ ಮ್ಯಾಲ ಬಂದವರನ್ನ ಸೊಸೀನೇ ಕೇಳ್ಲಿ. ಕಂಬೀನೂ ಆಕೀನೇ ಹೊಡೀಲಿ."

ಹೀಗೆ ಬಾಯಿ ಜೋರಿನ ಸೊಸೆಗೆ ಊರಲ್ಲಿ ಒಂದು ಕೆಲಸ ಸಿಕ್ಕಿತು. ನೇಕಾರ ಓಣಿಗಾದರೆ ಬಿಡಿ ಏಟು, ಪೇಟೆಗಾದರೆ ಜೋಡಿ ಏಟು, ಹೊರಗಿನ ಹಳ್ಳಿಗಾದರೆ ಬಿಡದೆ ಬಾರಿಸುವುದು. ಬಂದ ಕರೆಗಳೆಲ್ಲ ಬೆಂಕಿಯವೇ ಎಂದು ತಿಳಿಯಬೇಡಿ. ಬಾವಿಗೆ ಆಡು ಬಿತ್ತೆಂದು ಬಂದರು. ಮುದುಕಿಯೊಬ್ಬಳು ಜೋಳ ತುಂಬುವ ಹಗೇವಿನ ಗುಂಡಿಯಲ್ಲಿ ಇಳಿದವಳು ಮೇಲೆ ಬರಲೊಲ್ಲಳು ಎಂದು ಬಂದರು. ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಮೋಟಾರಿನ ಮೂಗಿನಿಂದ ಹೊಗೆ ಬರುತ್ತಿದೆ ಎಂದು ಯಾರೋ ಓಡಿ ಬಂದ. ನಮ್ಮವರು ಹೋಗಿ ಆ ಮೋಟಾರಿಗೆ ಎಣ್ಣೆಸ್ನಾನದಷ್ಟು ನೀರು ಹೊಯ್ದರು. ಅದು ಕಾದದ್ದಕ್ಕೆ ಬಂದ ಹಬೆಯಂತೆ, ಡ್ರೈವರ ಅಲ್ಲಿಯೇ ನಿಂತು ನಮ್ಮವರ ಏಳು ಜನ್ಮ ಜಾಲಾಡಿದ. ಮಾವ ಮಾತ್ರ, "ಆರಿತಿಲ್ಲ? ಸಾಕು," ಎಂದು ಬಂದುಬಿಟ್ಟರು.

ಪಕ್ಕದ ಹಳ್ಳಿ ಪುರ್ತಗೇರಿಯಲ್ಲಿ ಮೇವಿನ ಬಣವೆಗೆ ಬೆಂಕಿ ಬಿದ್ದದ್ದು ನೆನಪಾಗುತ್ತದೆ. ಮಾಳಿಗೆಯಿಂದ ನೋಡಿದರೆ ಎರೆಹೊಲದ ಆಚೆ ಹೊಗೆ ಎದ್ದಿರಲಿಲ್ಲ, ಮಲಗಿತ್ತು. ಗಾಳಿ ಇರದ ಮಧ್ಯಾಹ್ನ. ನಾನು ಕಂಬಿ ಬಾರಿಸಿದೊಡನೆ ಓಣಿಯ ಮಗ್ಗಗಳು ಒಂದೊಂದಾಗಿ ನಿಂತವು. ಗಂಡಸರು ಓಡಿದರು, ಚಕ್ಕಡಿಯ ಗೆಜ್ಜೆ ದೂರವಾಯಿತು. ಆಮೇಲೆ ಓಣಿಗೆ ಎಂಥ ಮೌನ ಬಂತೆಂದರೆ, ಯಾರದೋ ಮನೆಯಲ್ಲಿ ಮಜ್ಜಿಗೆ ಕಡೆಯುವುದು, ಕೋಳಿ ಕಾಲು ಕೆದರುವುದು, ನನ್ನ ಬಳೆ ನನಗೇ ಕೇಳಿಸುವುದು. ಕಂಬಿ ಹೊಡೆದವಳ ಪಾಲಿಗೆ ಉಳಿಯುವುದು ಆ ಮೌನವೇ. ಸಂಜೆ ಅವರು ಹುಬ್ಬಿನ ಮೇಲೆಲ್ಲ ಬೂದಿ ಹೊತ್ತು, ಬೇರೆ ಯಾವುದೋ ಲೋಕಕ್ಕೆ ಹೋಗಿ ಬಂದವರ ಹಾಗೆ ಸಾಲಾಗಿ ಬಂದರು. ಸುಟ್ಟ ಮನೆಯವರ ಕೈಯಿಂದ ಅನ್ನ ಉಣ್ಣಬಾರದೆಂದು ಅವರ ಕಟ್ಟಳೆ. ಒಂದು ತುಣುಕು ಬೆಲ್ಲ, ಒಂದು ತಂಬಿಗೆ ನೀರು, ಅಷ್ಟೇ. ಹಸಿದು ಬಂದವರಿಗೆ ನಾವು ಹೆಂಗಸರು ರೊಟ್ಟಿ ಬಡಿಯುತ್ತಲೇ ಇದ್ದೆವು.

ರೊಟ್ಟಿ ಎಂದಾಗ ನಾದಿನಿಯ ಮಾತು ಬಂತು. ಗಂಡನ ತಂಗಿ, ರೋಣಕ್ಕೆ ಕೊಟ್ಟಿದ್ದರು. ನನಗೂ ಅವಳಿಗೂ ಎಣ್ಣೆ ಸೀಗೆಕಾಯಿ. ಬಂದಾಗಲೆಲ್ಲ ನನ್ನ ರೊಟ್ಟಿ ಎತ್ತಿ ಹಿಡಿದು ಅಣಕಿಸುವಳು. "ಯಾಕ ವೈನಿ, ನಿಮ್ಮ ಹೊಳಿ ಊರಾಗ ರೊಟ್ಟಿ ಹಿಡಕೊಂಡು ಈಸ್ತಾರೇನು, ಇಷ್ಟು ದಪ್ಪ ಮಾಡ್ತಿ?" ನಾನೇನು ಬಿಡುವವಳೇ? "ಹೌದವಾ, ನಿನಗೂ ಒಂದು ಎತ್ತಿಟ್ಟೀನಿ, ಮುಳುಗೋ ಮುಂದ ಕೇಳು." ಅತ್ತೆ ಇಬ್ಬರಿಗೂ ಬೈದು ಸುಮ್ಮನಾಗಿಸಬೇಕು.

ಆದರೆ ಆ ವರ್ಷ ಬಸುರಿಯಾಗಿ ಬಂದವಳು ಅಣಕಿಸಲಿಲ್ಲ. ಹಿಂದೆ ಹೆತ್ತ ಎರಡು ಕೂಸುಗಳೂ ಹೆಸರಿಡುವ ಮೊದಲೇ ಕಣ್ಣು ಮುಚ್ಚಿದ್ದವು. ಈ ಸಲವೂ ಹಾಗೇ ಆದರೆ ಅವಳ ಗಂಡನಿಗೆ ಇನ್ನೊಂದು ಹೆಣ್ಣು ನೋಡುತ್ತಾರಂತೆ ಎಂಬ ಗಾಳಿಮಾತು ಅವಳ ಕಿವಿಗೂ ಬಿದ್ದಿತ್ತು. ಹೋಳಿ ಹುಣ್ಣಿಮೆಗೆ ನಾಲ್ಕಾರು ದಿನ ಇರುವಾಗ ಗಂಡು ಕೂಸು ಹುಟ್ಟಿತು. ಅಂಗೈಯಷ್ಟು ಮುಖ, ಬೆಕ್ಕಿನ ಮರಿಯ ಅಳು. ಅವಳು ಮಲಗಲೇ ಇಲ್ಲ. ಕೂಸಿನ ಎದೆಯ ಮೇಲೆ ಎರಡು ಬೆರಳಿಟ್ಟುಕೊಂಡು ಕೂತೇ ಇರುವಳು. ನಾನು ಒಳಗೆ ಹೋದರೆ ಸಾಕು, "ವೈನಿ, ಉಸುರಾಡಾಕ ಹತ್ತೇತಿಲ್ಲ ನೋಡು," ಎನ್ನುವಳು. ನಾನು ಬಗ್ಗಿ ಕೆನ್ನೆ ತಾಗಿಸಿ ನೋಡಿ, "ಆಡಾಕ ಹತ್ತೇತಿ, ನೀ ಮಲಗ," ಎನ್ನುವೆ. ಮತ್ತೊಂದು ಗಳಿಗೆಗೆ ಮತ್ತೆ ಅದೇ ಪ್ರಶ್ನೆ. ಈ ಕೂಸು ಹೋದರೆ ಇವಳೂ ಉಳಿಯುವುದಿಲ್ಲ ಎಂದು ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ನಮ್ಮ ಜಗಳವೆಲ್ಲ ಎಲ್ಲಿ ಹೋಯಿತೋ, ಆ ಹೆಣ್ಣಿನ ಮೇಲೆ ನನಗೆ ಜೀವ ಹೋಗುವಷ್ಟು ಕರುಣೆ ಬರುತ್ತಿತ್ತು.

ಬಾಣಂತಿಯ ಕೋಣೆ ಮನೆಯ ಎಲ್ಲಕ್ಕಿಂತ ಒಳಗಿನದು. ನಡುಮನೆ ದಾಟಿದರೆ ನೂಲಿನ ಕೋಣೆ, ಅಲ್ಲಿ ನೂಲಿನ ಲಡಿಗಳು ಎದೆಯೆತ್ತರ ಒಟ್ಟಿರುತ್ತಿದ್ದವು. ಅದನ್ನು ದಾಟಿದರೆ ಬಾಣಂತಿಯ ಕೋಣೆ. ಬೇರೆ ಬಾಗಿಲಿಲ್ಲ, ಕಿಟಕಿಯಿಲ್ಲ, ಮೇಲೊಂದು ಬೆಳಕಿಂಡಿ. ಗಾಳಿ ತಾಗಬಾರದು ಎಂದು ಬೇಕೆಂದೇ ಅಂಥ ಕೋಣೆ. ಹೊರಸಿನ ಕೆಳಗೆ ಕಾವಿಗೆಂದು ಕುಳ್ಳಿನ ಕೆಂಡದ ಅಗ್ಗಿಷ್ಟಿಕೆ.

ಓಕುಳಿಯ ದಿನ ನಸುಕಿನಲ್ಲೇ ಓಣಿಯ ಕಾಮಣ್ಣನನ್ನು ಸುಟ್ಟರು. ಕಾಮಣ್ಣನ ಕೆಂಡ ಮನೆಗೆ ತರುವುದು ನಮ್ಮ ಕಡೆಯ ಪದ್ಧತಿ. ಆ ಬೆಂಕಿಯಿಂದ ಒಲೆ ಹೊತ್ತಿಸಿದರೆ ವರ್ಷವೆಲ್ಲ ಒಳ್ಳೆಯದು. ಅತ್ತೆ ಒಡಕು ಗಡಿಗೆಯಲ್ಲಿ ಕೆಂಡ ತಂದು ಒಲೆಗೆ ಹಾಕಿದರು. ಉಳಿದದ್ದನ್ನು ಭಕ್ತಿಯಿಂದ ನೂಲಿನ ಕೋಣೆ ದಾಟಿಸಿ, ಮಗಳ ಹೊರಸಿನ ಕೆಳಗಿನ ಅಗ್ಗಿಷ್ಟಿಕೆಗೆ ಸುರಿದು, "ಈ ಬೆಂಕಿ ನನ್ನ ಮೊಮ್ಮಗನ್ನ ಕಾಯ್ಲಿ," ಎಂದು ಕೈಮುಗಿದರು. ದಾರಿಯಲ್ಲಿ ಒಂದು ಕಿಡಿ ಹಾರಿ ನೂಲಿನೊಳಗೆ ಬಿದ್ದದ್ದು ಅವರಿಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ. ಅದು ಮಧ್ಯಾಹ್ನದ ತನಕ ಒಳಗೊಳಗೇ ಉಣ್ಣುತ್ತ ಕೂತಿತು.

ಇದರ ಜೊತೆಗೆ ಮಾವನ ಒಂದು ಅಪ್ಪಣೆ ಇತ್ತು. ಪ್ರತಿ ಓಕುಳಿಗೂ ಯಾರೋ ಮಾಳಿಗೆ ಹತ್ತಿ ಚೇಷ್ಟೆಗೆಂದು ಕಂಬಿ ಬಾರಿಸುವುದು, ಬೆಂಕಿ ಮಂದಿ ಬಣ್ಣದ ಮುಖದಲ್ಲೇ ಓಡುವುದು, ಅಲ್ಲಿ ಏನೂ ಇರದೆ ಊರೆಲ್ಲ ನಗುವುದು ನಡೆದೇ ಇತ್ತು. ಮಾವ ರೇಗಿ ಎಲ್ಲರನ್ನೂ ಕೂರಿಸಿ ಹೇಳಿದ್ದರು. "ಓಕುಳಿ ದಿನ ಕಂಬಿ ಸದ್ದಿಗೆ ಯಾರೂ ಓಡಬ್ಯಾಡ್ರಿ. ಖರೇ ಬೆಂಕಿ ಹತ್ತಿದ್ರ ಮಂದಿ ಬಾಯಿ ಬಡಕೋತಾರ, ಕೇಳಸ್ತೈತಿ." ಎಲ್ಲರೂ ಹೌದ್ರಿ ಹೌದ್ರಿ ಎಂದು ತಲೆ ಅಲ್ಲಾಡಿಸಿದರು. ಬೆಂಕಿ ಬಿದ್ದಾಗ ಬಾಯಿ ಬಾಯಿ ಬಡಿದುಕೊಂಡು ಲಬೋ ಲಬೋ ಎನ್ನುತ್ತೇವೆ, ಖರೆ. ಆದರೆ ಕಾಮಣ್ಣ ಸತ್ತನೆಂದು ಓಕುಳಿಯ ದಿನ ಊರಿಗೆ ಊರೇ ಬಾಯಿ ಬಡಿದುಕೊಂಡು ಲಬೋ ಲಬೋ ಎನ್ನುತ್ತದೆಯಲ್ಲ! ಅಷ್ಟು ಮಂದಿಯಲ್ಲಿ ಒಬ್ಬರ ತಲೆಗೂ ಅದು ಹೊಳೆಯಲಿಲ್ಲ. ಪಿಂಜಾರ ಕಾಕಾನ ಪೀಪಾಯಿಗಳಲ್ಲಿ ಆ ದಿನ ನೀರೂ ಇರಲಿಲ್ಲ, ಗುಲಾಬಿ ಬಣ್ಣ ಕಲಸಿ ತುಂಬಿದ್ದರು. ಬಂಡಿ ಬಣ್ಣ ಎರಚುತ್ತ ಓಣಿ ಓಣಿ ತಿರುಗುತ್ತಿತ್ತು, ಅದರ ಮೇಲೆ ನಮ್ಮ ಮನೆಯವರು ನಿಂತಿದ್ದರು.

ಹೆಂಗಸರೆಲ್ಲ ಓಣಿಯ ಬಾಯಿಯ ಮನೆಯ ಮಾಳಿಗೆಯ ಮೇಲೆ ಸೇರಿ ಓಕುಳಿ ನೋಡುತ್ತಿದ್ದರು. ಅತ್ತೆಯೂ ಹೋಗಿದ್ದರು. ಬಾಣಂತಿಗೆ ಜೊತೆಯೆಂದು ಮನೆಯಲ್ಲಿ ಉಳಿದವಳು ನಾನು. ಹಿತ್ತಲಲ್ಲಿ ಕೂಸಿನ ಅರಿವೆ ಹಿಂಡುತ್ತಿದ್ದೆ. ಬಿಸಿಲು ಹಾಲಿನ ಹಾಗೆ ಬೆಳ್ಳಗೆ ಸುರಿಯುತ್ತಿತ್ತು. ದೂರದಿಂದ ಹಲಗೆಯ ಬಡಿತ, ಜನರ ಕೂಗು, ಎಲ್ಲ ನೀರಿನಡಿಯಿಂದ ಬಂದ ಹಾಗೆ ಕೇಳುತ್ತಿತ್ತು. ಕಣ್ಣು ಎಳೆಯುತ್ತಿತ್ತು. ಯಾವುದೋ ಹಳೆಯ ಬಟ್ಟೆ ಸುಟ್ಟ ವಾಸನೆ ಕನಸಿನಲ್ಲಿ ಬಂದ ಹಾಗೆ ಬಂತು. ಕಾಮಣ್ಣನದಿರಬೇಕು ಎಂದುಕೊಂಡೆ. ಆಮೇಲೆ ನಾದಿನಿ ಕೆಮ್ಮಿದ್ದು ಕೇಳಿಸಿತು.

ಓಡಿಹೋಗಿ ನಡುಮನೆಯಿಂದ ನೋಡಿದರೆ ನೂಲಿನ ಕೋಣೆಯ ಬಾಗಿಲ ತುಂಬ ಹೊಗೆ, ಹೊಗೆಯ ಹಿಂದೆ ಕೆಂಪು. ಹಸಿ ಗೋಣಿತಟ್ಟು ಹೊದ್ದು ನುಗ್ಗಿದೆ. ಬೆಂಕಿ ಬಾಗಿಲು ದಾಟಗೊಡಲಿಲ್ಲ, ಹುಬ್ಬು ಸುಟ್ಟಿತು, ಉಸಿರು ಕಟ್ಟಿತು. ಮಾವ ಹೇಳಿದ ಪಾಠ ಆಗ ನೆನಪಾಯಿತು. ಮೆಟ್ಟಿಲು ಹತ್ತಿ ಮಾಳಿಗೆಗೆ ಓಡಿ ಬೆಳಕಿಂಡಿಗೆ ಮುಖವಿಟ್ಟೆ. ಕೆಳಗೆ ಅವಳು ಮೂಲೆಯಲ್ಲಿ ಕೂಸನ್ನು ಹೊಟ್ಟೆಗೆ ಅವುಚಿಕೊಂಡು ಕೂತಿದ್ದಳು.

"ವೈನಿ, ಕೂಸು!" ಎಂದಳು. ತನ್ನನ್ನು ಎತ್ತು ಎನ್ನಲಿಲ್ಲ.

"ಅರಿವಿ ನೀರಾಗ ಅದ್ದಿ ಬಾಗಲ ಸಂದಿಗೆ ತುರುಕು! ನೆಲಕ್ಕ ಮಲಗು! ನಾ ಕರೀತೀನಿ ಮಂದೀನ!" ಎಂದು ಕೂಗಿ ಕಂಬಿಯ ಹತ್ತಿರ ಹೋದೆ. ರಟ್ಟೆ ಕಳಚುವ ಹಾಗೆ ಬಾರಿಸಿದೆ. ಓಣಿಯ ಬಾಯಲ್ಲಿ ಬಣ್ಣದ ಬಂಡಿ ಕಾಣುತ್ತಿತ್ತು. ಹಸಿರು ಮುಖ, ಕೆಂಪು ಮುಖ, ಒಂದೂ ಗುರುತು ಹತ್ತದು. ಕಂಬಿ ಕೇಳಿ ಅವರು ನಕ್ಕರು. ಹಲಗೆಯವರು ನನ್ನ ಏಟಿಗೆ ತಾಳ ಹಿಡಿದು ಇನ್ನೂ ಜೋರು ಬಡಿದರು. ಸುತ್ತಿಗೆ ಎಸೆದು ಬಾಯಿ ಬಡಿದುಕೊಂಡೆ, ಲಬೋ ಲಬೋ ಎಂದು ಅರಚಿದೆ. ಅಯ್ಯ ಶಿವನೇ, ಅವರೆಲ್ಲ ನನ್ನತ್ತ ತಿರುಗಿ, ಸೊಸೆಗೂ ಇವತ್ತು ಹುರುಪು ಬಂತು ಎಂದು ಕೈಯೆತ್ತಿ ತಾವೂ ಬಾಯಿ ಬಡಿದುಕೊಂಡರು! ಬೆಂಕಿ ಬೆಂಕಿ ಎಂದೆ, ಅವರೂ ಬೆಂಕಿ ಬೆಂಕಿ ಎಂದು ಕುಣಿದರು. ನನ್ನ ಹಿಂದಿನ ಕಿಂಡಿಯಿಂದ ಹೊಗೆ ಎಳೆಯಾಗಿ ಏಳುತ್ತಿತ್ತು. ಆ ಹಾಳು ಹಬ್ಬದ ಮೇಲೆ, ಆ ಮಂದಿಯ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇಳಿದು ಓಡಿಹೋಗಿ ಹೇಳುವಷ್ಟರಲ್ಲಿ ಒಳಗೆ ಎಲ್ಲ ಮುಗಿದಿರುತ್ತಿತ್ತು. ಹಬ್ಬದಲ್ಲಿ ಇರದ ಒಂದು ಸದ್ದು ಬೇಕಿತ್ತು. ಯಾವ ಓಕುಳಿಯಲ್ಲೂ ಯಾರೂ ಮಾಡದ ಸದ್ದು.

ಆಗ ನಾನು ನನ್ನ ಗಂಡನ ಹೆಸರು ಹಿಡಿದು ಕೂಗಿದೆ.

ಈಗಿನವರಿಗೆ ಇದರಲ್ಲೇನು ದೊಡ್ಡದು ಅನ್ನಿಸಬಹುದು. ಆಗ ಹೆಂಡತಿಯಾದವಳು ಗಂಡನ ಹೆಸರು ಬಾಯಲ್ಲಿ ತರುವಂತಿರಲಿಲ್ಲ. ತಂದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಹುಟ್ಟಿದಾಗಿನಿಂದ ಕೇಳಿ ಬೆಳೆದವಳು ನಾನು. ಮದುವೆಯಲ್ಲಿ ಗಂಡನ ಹೆಸರು ಸೇರಿಸಿ ಒಡಪು ಕಟ್ಟಿ ಹೇಳು ಎಂದು ಎಲ್ಲರೂ ಗಂಟುಬಿದ್ದಾಗಲೂ ಒಡಪಿನೊಳಗೆ ಆ ಹೆಸರನ್ನು ಅರ್ಧ ನುಂಗಿದ್ದೆ. ಅಂಥ ಹೆಸರನ್ನು ಹಾಡುಹಗಲು, ಸೆರಗಿಲ್ಲದ ತಲೆಯಲ್ಲಿ, ಮಾಳಿಗೆಯ ಅಂಚಿಗೆ ನಿಂತು, ದನ ಕರೆದ ಹಾಗೆ ಕರೆದೆ. ಒಮ್ಮೆಯಲ್ಲ, ಮತ್ತೆ ಮತ್ತೆ.

ಮೊದಲು ಕೇಳಿಸಿದ್ದು ಹೆಂಗಸರಿಗೆ. ಅವರು ಮಾಳಿಗೆಯ ಮೇಲಿದ್ದರಲ್ಲ, ಸದ್ದು ನೇರ ಹೋಯಿತು. ನಗುತ್ತಿದ್ದವರು ಬಾಯಿಗೆ ಕೈಯಿಟ್ಟುಕೊಂಡು ನಿಂತರು. ಆ ಸುಮ್ಮನಾಗುವಿಕೆ ಮಾಳಿಗೆಯಿಂದ ಮಾಳಿಗೆಗೆ ಸಾಗಿ, ಓಣಿಗೆ ಇಳಿದು, ಬಂಡಿಯ ತನಕ ಹೋದದ್ದನ್ನು ನಾನು ಕಣ್ಣಾರೆ ಕಂಡೆ. ಒಂದು ಹಲಗೆ ನಿಂತಿತು, ಇನ್ನೊಂದು ನಿಂತಿತು. ಎರಚಿದ ಬಣ್ಣ ಬಿಸಿಲಲ್ಲಿ ನಿಧಾನಕ್ಕೆ ಕೆಳಗೆ ಬೀಳುತ್ತಿತ್ತು. ಆ ಮೌನದಲ್ಲಿ ಬಂಡಿಯ ಮೇಲಿನ ಒಂದು ಗುಲಾಬಿ ಮುಖ ಮೆಲ್ಲಗೆ ಮೇಲೆತ್ತಿ ನನ್ನತ್ತ ನೋಡಿತು. ಅವರೇ.

"ಬೆಂಕಿ ಹತ್ತೇತ್ರಿ!" ಎಂದೆ. ಹೆಸರು ಹಿಡಿದು ಕರೆದ ಬಾಯಲ್ಲೇ ರೀ ಕೂಡ ಬಂತು ನೋಡಿ. "ನಿಮ್ಮ ತಂಗಿ ಒಳಗದಾಳ್ರೀ, ಕೂಸೈತಿ!"

ಆಮೇಲಿನದು ನನಗೆ ಬಣ್ಣಗಳಲ್ಲಿ ಮಾತ್ರ ನೆನಪಿದೆ. ನಿಚ್ಚಣಿಕೆ ಹತ್ತಿ ಬರುತ್ತಿರುವ ಹಸಿರು ಕೈಗಳು. ಹಾರೆಯ ಪೆಟ್ಟಿಗೆ ಏಳುವ ಕೆಂಪು ಮಣ್ಣು. ಹಗ್ಗ ಸೊಂಟಕ್ಕೆ ಬಿಗಿದುಕೊಂಡು ಕಿಂಡಿಯೊಳಗೆ ಇಳಿದ ಗುಲಾಬಿ ತಲೆ. ಕೆಳಗೆ ಪಿಂಜಾರ ಕಾಕಾ ಬಂಡಿಯನ್ನು ಬಾಗಿಲಿಗೇ ತಂದು ನಿಲ್ಲಿಸಿದ್ದ. "ಹೊಯ್ರಿ, ಲಗೂ ಹೊಯ್ರಿ, ಮ್ಯಾಲಲ್ಲ, ಬುಡಕ್ಕ!" ಎಂದು ಅವನು ಗದರುವುದು, ಕೊಡ ಕೊಡ ಓಕುಳಿ ನೂಲಿನ ಮೇಲೆ ಬೀಳುವುದು, ಗುಲಾಬಿ ಹಬೆ ನಡುಮನೆಯಿಂದ ಹೊರಗೆ ಬರುವುದು. ಅಂಥ ಚೆಂದದ ಹಬೆಯನ್ನು ನಾನು ಮತ್ತೆ ನೋಡಲಿಲ್ಲ. ನೋಡುವುದೂ ಬೇಡ.

ಕಿಂಡಿಯಿಂದ ಮೊದಲು ಕೂಸು ಬಂತು, ಹಳೆಯ ಸೀರೆಯಲ್ಲಿ ಸುತ್ತಿದ ಗಂಟು. ನನ್ನ ಕೈಗೆ ಕೊಟ್ಟರು. ಅಳಲಿಲ್ಲ. ಕಣ್ಣು ಮುಚ್ಚಿತ್ತು, ಮೂಗಿನ ಸುತ್ತ ಮಸಿ. ಕೆನ್ನೆ ತಾಗಿಸಿ ನೋಡಿದೆ, ನನ್ನ ಎದೆಯೇ ಹೊಡೆದುಕೊಳ್ಳುತ್ತಿದ್ದುದರಿಂದ ಅದರ ಉಸಿರು ತಿಳಿಯಲೊಲ್ಲದು. ಕೆಳಗಿನ ಹೊಗೆಯೊಳಗಿಂದ ಅವಳ ದನಿ ಬಂತು. "ವೈನಿ... ಉಸುರಾಡಾಕ ಹತ್ತೇತಿಲ್ಲ?"

ನನ್ನ ಇಡೀ ಜನ್ಮದಲ್ಲಿ ಬಾಯಿ ಕಟ್ಟಿದ್ದು ಅದೊಂದೇ ಸಲ.

ಅಷ್ಟರಲ್ಲಿ ಮಾಳಿಗೆಯ ಮಣ್ಣು ಕಾದು ಬಿರಿಯುತ್ತಿದೆ ಎಂದು ಯಾರೋ ಪಕ್ಕದ ಮಾಳಿಗೆಯಿಂದ ಒಂದು ಕೊಡ ಓಕುಳಿ ಬೀಸಿ ಹೊಯ್ದರು. ಅರ್ಧ ಮಣ್ಣಿಗೆ ಬಿತ್ತು, ಅರ್ಧ ನನಗೂ ಕೂಸಿಗೂ ಬಿತ್ತು. ತಣ್ಣನೆಯ ನೀರು ಮುಖಕ್ಕೆ ಬಿದ್ದದ್ದೇ ತಡ, ಅದು ಮೈಯೆಲ್ಲ ಸೆಟೆದು, ಮುಷ್ಟಿ ಬಿಗಿದು, ಬೆಕ್ಕಿನ ಮರಿಯ ಹಾಗಲ್ಲ, ಹೋರಿಗರುವಿನ ಹಾಗೆ ಒದರಿತು. ನೆತ್ತಿಯಿಂದ ಪಾದದ ತನಕ ಗುಲಾಬಿ. "ಆಡಾಕ ಹತ್ತೇತಿ!" ಎಂದು ಕಿಂಡಿಯೊಳಗೆ ಕೂಗಿದೆ. "ನಿನ್ನ ಮಗಾ ಓಕುಳಿ ಆಡಾಕ ಹತ್ಯಾನ, ಮ್ಯಾಲ ಬಾರವಾ!" ಆಮೇಲೆ ಅವಳನ್ನೂ ಎತ್ತಿದರು. ಕೊನೆಗೆ ಬಂದವರು ನಮ್ಮ ಮನೆಯವರು. ಮಾಳಿಗೆಯ ಮೇಲೆ ಕೂತು ತುಂಬ ಹೊತ್ತು ಕೆಮ್ಮಿದರು.

ವರ್ಷದ ನೂಲೆಲ್ಲ ಹೋಯಿತು. ಬೆಂಕಿ ಮಂದಿಯ ಹಿರಿಯನ ಮನೆಗೇ ಬೆಂಕಿ ಬಿತ್ತು ಎಂದು ಊರು ಆಡಿಕೊಂಡಿತು. ಮಾವ ಆ ದಿನ ತಮ್ಮ ಮನೆಯಲ್ಲಿ ಅನ್ನ ಮುಟ್ಟಲಿಲ್ಲ. ಕಟ್ಟಳೆ ಕಟ್ಟಳೆಯೇ ಎಂದು ಒಂದು ತುಣುಕು ಬೆಲ್ಲ ತಿಂದು ನೀರು ಕುಡಿದರು. ನೂಲಿನ ಕೋಣೆಯ ಗೋಡೆ ಎಷ್ಟು ಸುಣ್ಣ ಬಳಿದರೂ ಬಹಳ ವರ್ಷ ಒಳಗಿನಿಂದ ಗುಲಾಬಿಯಾಗಿಯೇ ಉಳಿಯಿತು. ಬೆಳಗಿನ ಬಿಸಿಲು ಬಿದ್ದರೆ ನಾಚಿದ ಹಾಗೆ ಕಾಣುತ್ತಿತ್ತು.

ಆದರೆ ನನಗೆ ನಿದ್ದೆ ಹೋಗಿತ್ತು. ಕಂಬಿ ಬಾರಿಸಿದ್ದನ್ನು ಯಾರೂ ಮಾತಾಡಲಿಲ್ಲ, ಹೆಸರು ಹಿಡಿದದ್ದನ್ನೇ ಮಾತಾಡಿದರು. "ಎಂಥಾ ಬಾಯಿ ಅವ್ವಾ ಆಕೀದು! ಗಂಡನ ಆಯುಷ್ಯ ಓಣಿ ತುಂಬ ಚೆಲ್ಲಿದ್ಲು," ಎಂದು ಬಾವಿಯ ಹತ್ತಿರ ಯಾರೋ ಅಂದದ್ದು ನನ್ನ ಕಿವಿಗೇ ಬಿತ್ತು. "ನಿನ್ನ ಬಾಯಾಗ ಮಣ್ಣ ಬೀಳ್ಲಿ," ಎಂದು ತಿರುಗಿಸಿ ಅಂದೆ, ನಿಜ. ಅಂದು ಬಂದು ಮನೆಯಲ್ಲಿ ಕೂತು ಕಣ್ಣೀರು ಹಾಕಿದೆ. ನಮ್ಮ ಮನೆಯವರ ಕೆಮ್ಮು ಕಡಿಮೆಯಾಗಲೊಲ್ಲದು. ಅವರು ಒಮ್ಮೆ ಕೆಮ್ಮಿದರೆ ನಾನು ಕೈಲಿದ್ದದ್ದನ್ನು ಬಿಟ್ಟು ಓಡಿಬಂದು ನೋಡುತ್ತಿದ್ದೆ. ಅವರಿಗೋ ಚೇಷ್ಟೆ. ಉಣ್ಣಲು ಕೂತಾಗ ಮೆಲ್ಲಗೆ, "ನನ್ನ ಹೆಸರು ಇಷ್ಟು ಚಲೋ ಐತಿ ಅಂತ ನನಗ ಗೊತ್ತಿರಲಿಲ್ಲ. ಇನ್ನೊಮ್ಮೆ ಕರಿ ನೋಡೋಣು," ಎನ್ನುವರು. "ಸುಮ್ನ ಉಣ್ಣರಿ," ಎಂದು ಗದರಿ ಒಳಗೆ ಹೋಗಿಬಿಡುತ್ತಿದ್ದೆ.

ಅತ್ತೆ ಮಾತ್ರ ಏನೂ ಅನ್ನಲಿಲ್ಲ. ಬೈಯಲಿಲ್ಲ, ಹೊಗಳಲೂ ಇಲ್ಲ. ಕೆಂಡ ತಂದ ಒಡಕು ಗಡಿಗೆಯನ್ನು ತಾವೇ ಒಯ್ದು ತಿಪ್ಪೆಗೆ ಎಸೆದರು. ಆಮೇಲೆ ಮಗಳ ಹೊರಸಿನ ಪಕ್ಕ ನೆಲದ ಮೇಲೆ ಕೂತವರು ಎದ್ದದ್ದೇ ಕಡಿಮೆ.

ಕೂಸಿಗೆ ಹೆಸರಿಡುವ ದಿನ ಬಂತು. ಆ ಮನೆಯಲ್ಲಿ ನಾದಿನಿಯ ಕೂಸೊಂದು ಆ ದಿನದ ತನಕ ಉಳಿದದ್ದು ಅದೇ ಮೊದಲು. ನಡುಮನೆಯಲ್ಲಿ ತೊಟ್ಟಿಲು ಕಟ್ಟಿ ಓಣಿಯ ಹೆಂಗಸರೆಲ್ಲ ಸೇರಿದರು, ಗಂಡಸರು ಹೊರಗೆ ಪಡಸಾಲೆಯಲ್ಲಿ ಕೂತರು. ಕೂಸಿನ ಸೋದರತ್ತೆ ಬಗ್ಗಿ ಅದರ ಕಿವಿಯಲ್ಲಿ ಹೆಸರು ಹೇಳಿ ಕುರ್ರ್ ಎನ್ನಬೇಕು, ಆಗ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು, ಅದು ನಮ್ಮ ಸಂಪ್ರದಾಯ. ಈ ಕೂಸಿನ ಅಪ್ಪನಿಗೆ ಅಕ್ಕತಂಗಿಯರಿರಲಿಲ್ಲ. ಹಾಗಾಗಿ ಸೋದರಮಾವನ ಹೆಂಡತಿಯಾದ ನಾನೇ ಹೇಳಬೇಕೆಂದು ನಾದಿನಿ ಕೈಹಿಡಿದು ಎಳೆದಳು.

"ಏನಂತ ಹೇಳ್ಲಿ?" ಎಂದೆ.

"ನೀ ಅವತ್ತ ಕರದೆಲ್ಲ ವೈನಿ, ಅದs ಹೆಸರು," ಎಂದಳು.

ಹೆಂಗಸರ ಗುಸುಗುಸು ನಿಂತಿತು. "ಒಲ್ಲೆವಾ," ಎಂದೆ. "ಬ್ಯಾರೆ ಯಾವುದರ ಹೇಳು, ದೇವರ ಹೆಸರು ಹೇಳು. ಒಮ್ಮೆ ಕರದದ್ದಕ್ಕs ಅವರು ಕೆಮ್ಮಾಕ ಹತ್ಯಾರ. ಇನ್ನೊಮ್ಮೆ ನನ್ನ ಬಾಯಾಗ ಬರೂದು ಬ್ಯಾಡ. ನನಗ ಹೆದರಿಕಿ ಆಗ್ತೈತಿ." ಹೇಳುತ್ತ ಹೇಳುತ್ತ ಎಲ್ಲರೆದುರು ಅಳು ಬಂದುಬಿಟ್ಟಿತು.

ಆಗ ಅತ್ತೆ ಎದ್ದರು. ಅಷ್ಟು ದಿನ ತುಟಿ ಬಿಚ್ಚದವರು ನನ್ನ ಎದುರು ಬಂದು ನಿಂತು ಗಲ್ಲ ಹಿಡಿದು ಮುಖ ಮೇಲೆತ್ತಿದರು.

"ಅವ ನಿನಗ ಗಂಡ, ನನಗ ಮಗಾ. ಅವನ ಆಯುಷ್ಯ ನನಗ ಬ್ಯಾಡೇನು?" ಎಂದರು. "ಬೆಂಕಿ ತಂದಾಕಿ ನಾನು. ನೀ ಕರೀಲಿಲ್ಲಂದ್ರ ಇವತ್ತ ಈ ತೊಟ್ಟಲಾ ಖಾಲಿ ಇರ್ತಿತ್ತು. ನಾ ಹೇಳ್ತೀನಿ, ಹೇಳು ನನ್ನವ್ವಾ."

ನಾನು ಬಗ್ಗಿದೆ. ಕೂಸಿನ ಕಿವಿಯ ಮಡಿಕೆಯಲ್ಲಿ ಇನ್ನೂ ಒಂದಿಷ್ಟು ಗುಲಾಬಿ ಉಳಿದಿತ್ತು. ಅದಕ್ಕೆ ತುಟಿ ತಾಗಿಸಿ ಆ ಹೆಸರು ಹೇಳಿದೆ. ಇಲ್ಲಿ ಬರೆಯುವುದಿಲ್ಲ, ನೀವು ಎಷ್ಟು ಕೇಳಿದರೂ ಬರೆಯುವುದಿಲ್ಲ. ಕುರ್ರ್ ಎಂದದ್ದೇ ತಡ ಬೆನ್ನ ಮೇಲೆ ಧಬಧಬ ಗುದ್ದು ಬಿದ್ದವು. ಅತ್ತೆಯ ಕೈ ಮಾತ್ರ ಗುದ್ದದೆ ಅಲ್ಲಿಯೇ ಬೆನ್ನ ಮೇಲೆ ಉಳಿಯಿತು. ನಾದಿನಿ ತೊಟ್ಟಿಲ ಹಗ್ಗ ಹಿಡಿದು, ಅಳುತ್ತ ನಗುತ್ತ, ತನ್ನ ಮಗನನ್ನು ಮೊದಲ ಸಲ ಹೆಸರು ಹಿಡಿದು ಗಟ್ಟಿಯಾಗಿ ಕರೆದಳು.

ಹೊರಗೆ ಪಡಸಾಲೆಯಿಂದ ನಮ್ಮ ಮನೆಯವರು, "ಓ!" ಎಂದರು.